ಅಚ್ಚಕ್ಕನ ಬಾಯಿಗೆ ಚರಿತ್ರೆ ಕೊಟ್ಟ ರಾಜಾ ರಾವ್

ನಮ್ಮ ಸಾಹಿತ್ಯ ಕೂಟದ ಹೋದ ಸಭೆಯಲ್ಲಿ ಈ ಸಂಚಿಕೆಗೆ ಯಾರು ಯಾರ ಬಗ್ಗೆ ಬರೀಬೇಕು ಅಂತ ಪಟ್ಟಿ ಹಾಕ್ತಾ ಇದ್ದೆವು. ಬೇಂದ್ರೆ, ಕುವೆಂಪು, ಮಾಸ್ತಿ, ಕಾರಂತ ಎಲ್ಲ ಹಂಚಿಹೋದ ಮೇಲೆ ನನ್ನ ಸರದಿ ಬಂತು. ನಾನು ರಾಜಾ ರಾವ್ ಅಂದೆ. ಸಭೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಗೆಳೆಯರೊಬ್ಬರು, ಇಂಗ್ಲಿಷಿನಲ್ಲಿ ಬರೆದು ಅಮೆರಿಕದಲ್ಲಿ ತೀರಿಕೊಂಡವರಿಗೂ ಕನ್ನಡ ಕೂಟಕ್ಕೂ ಏನಪ್ಪಾ ಸಂಬಂಧ ಅಂತ ಕೇಳಿದರು. ಇನ್ನೊಬ್ಬರು, ಫ್ರಾನ್ಸಿನಲ್ಲಿ ಕೂತವರಿಗೆ ಮಲೆನಾಡಿನ ಹಳ್ಳಿಯ ಚರಿತ್ರೆ ಏನು ಗೊತ್ತಿರುತ್ತೆ, ಅದು ಬರೀ ಕಲ್ಪನೆ ಅಂದುಬಿಟ್ಟರು. ಆ ಹೊತ್ತಿಗೆ ನನ್ನ ಬಾಯಿ ಕಟ್ಟಿಹೋಯಿತು. ಸಭೆ ಮುಗಿದು ಮನೆಗೆ ಬಂದ ಮೇಲೆ ಉತ್ತರ ಹೊಳೆಯೋದು ನನ್ನ ಹಣೆಬರಹ. ಆ ಉತ್ತರವೇ ಈ ಲೇಖನ.

ಆ ಮಾತು ನನಗೆ ಚುಚ್ಚಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ನಾನು ಬೆಳೆದದ್ದು ಈ ಜನಕಪುರಿಯಲ್ಲಿ. ಹಾಸನ ನನಗೆ ಎರಡು ವರ್ಷಕ್ಕೊಮ್ಮೆ ರೈಲಿನಲ್ಲಿ ಹೋಗಿ ನೋಡುವ ಊರು. ದೂರ ಇರುವವನಿಗೆ ಊರಿನ ಚರಿತ್ರೆ ಹೇಳುವ ಅಧಿಕಾರವೇ ಇಲ್ಲ ಅಂದರೆ, ದಿಲ್ಲಿಯಲ್ಲಿ ಕೂತು ಕನ್ನಡ ಓದುವ ನಮ್ಮಂಥವರು ಬಹಳ ಜನ ಬಾಯಿ ಮುಚ್ಚಿಕೊಂಡಿರಬೇಕಾಗುತ್ತೆ. ಆದ್ದರಿಂದ ಈ ಪ್ರಶ್ನೆ ರಾಜಾ ರಾಯರೊಬ್ಬರದೇ ಅಲ್ಲ.

ಮೊದಲು ಅವರ ಬದುಕನ್ನು ನೋಡೋಣ. ರಾಜಾ ರಾವ್ ಹುಟ್ಟಿದ್ದು ೧೯೦೮ರ ನವೆಂಬರಿನಲ್ಲಿ, ಆಗಿನ ಮೈಸೂರು ಸಂಸ್ಥಾನದ ಹಾಸನದಲ್ಲಿ. ಮನೆಮಾತು ಕನ್ನಡ. ತಂದೆ ಕೃಷ್ಣಸ್ವಾಮಿ ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಕನ್ನಡದ ಮೇಷ್ಟರು. ತಾಯಿ ಗೌರಮ್ಮ ತೀರಿಕೊಂಡಾಗ ಹುಡುಗನಿಗೆ ನಾಲ್ಕೇ ವರ್ಷ. ತಾಯಿಯಿಲ್ಲದ ಮಗು ಕೆಲವು ಕಾಲ ಹಾಸನದಲ್ಲಿ, ಹರಿಹಳ್ಳಿಯಲ್ಲಿ ತಾತನ ಆಸರೆಯಲ್ಲಿ ಬೆಳೆಯಿತು. ಆ ಕೆಲವು ವರ್ಷಗಳ ಹಳ್ಳಿಯೇ ಮುಂದೆ ಅವರ ಕಥೆಗಳಿಗೆಲ್ಲ ಬಂಡವಾಳವಾಯಿತು ಅಂತ ನನಗೆ ಅನ್ನಿಸುತ್ತೆ. ಅವರ ಆರಂಭದ ಕಥೆಗಳಾದ ಅಕ್ಕಯ್ಯ, ಜವ್ನಿ ಓದಿ ನೋಡಿ. ಒಂದರಲ್ಲಿ ವಿಧವೆಯಾಗಿ ಮನೆಮಂದಿಯ ಮಕ್ಕಳನ್ನೆಲ್ಲ ಸಾಕಿದ ಮುದುಕಿ. ಇನ್ನೊಂದರಲ್ಲಿ ಮನೆಗೆಲಸದ ಕೆಳಜಾತಿಯ ವಿಧವೆ. ತಾಯಿಯನ್ನು ಕಳಕೊಂಡ ಹುಡುಗ ಅಡಿಗೆಮನೆ, ಹಿತ್ತಲು, ಕೊಟ್ಟಿಗೆಗಳಲ್ಲಿ ಓಡಾಡುವ ಹೆಂಗಸರನ್ನು ಎಷ್ಟು ಹತ್ತಿರದಿಂದ ನೋಡಿರಬೇಕು!

ಓದು ಹೈದರಾಬಾದಿನಲ್ಲಿ, ಮದ್ರಸಾ-ಎ-ಆಲಿಯಾದಲ್ಲಿ. ಆಮೇಲೆ ಸ್ವಲ್ಪ ಕಾಲ ನಮ್ಮ ದಿಲ್ಲಿಗೆ ಹತ್ತಿರದ ಆಲಿಗಢದಲ್ಲಿ. ಅಲ್ಲಿ ಅವರಿಗೆ ಅಹ್ಮದ್ ಅಲಿ ಎಂಬ ದಿಲ್ಲಿ ಹುಡುಗನ ಸ್ನೇಹವಾಯಿತು. ಆಲಿಗಢದಲ್ಲೇ ಫ್ರೆಂಚ್ ಕಲಿಯಲು ಸುರುಮಾಡಿದರು. ಆಮೇಲೆ ನಿಜಾಮ್ ಕಾಲೇಜು. ೧೯೨೯ರಲ್ಲಿ ಮದರಾಸು ವಿಶ್ವವಿದ್ಯಾಲಯದ ಪದವಿ. ವಿಷಯಗಳು ಯಾವುವು ಗೊತ್ತೇ? ಇಂಗ್ಲಿಷ್ ಮತ್ತು ಚರಿತ್ರೆ. ಚರಿತ್ರೆ ಏನು ಗೊತ್ತಿರುತ್ತೆ ಅಂತ ಕೇಳಿದ ಗೆಳೆಯರು ಇದನ್ನು ಗಮನಿಸಬೇಕಾಗಿ ವಿನಂತಿ. ಅದೇ ವರ್ಷ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಫ್ರಾನ್ಸಿಗೆ ಹೋದರು. ಮೊದಲು ಮಾಂಪೆಲಿಯೆ, ಆಮೇಲೆ ಪ್ಯಾರಿಸ್ಸಿನ ಸೋರ್ಬಾನ್. ೧೯೩೧ರಲ್ಲಿ ಕಾಮಿಲ್ ಮೂಲಿ ಎಂಬ ಫ್ರೆಂಚ್ ಅಧ್ಯಾಪಕಿಯನ್ನು ಮದುವೆಯಾದರು.

ಇಲ್ಲಿ ಒಂದು ವಿಷಯವನ್ನು ಕನ್ನಡದ ವಿದ್ಯಾರ್ಥಿಗಳಾದ ನಾವು ಮರೆಯಕೂಡದು. ಫ್ರಾನ್ಸಿಗೆ ಹೋದ ಈ ತರುಣ ೧೯೩೧-೩೨ರಲ್ಲಿ ಕನ್ನಡದಲ್ಲಿ ಬರೆದರು. ಆಲೂರು ವೆಂಕಟರಾಯರು ಧಾರವಾಡದಲ್ಲಿ ಹುಟ್ಟುಹಾಕಿದ್ದ ಜಯಕರ್ನಾಟಕ ಪತ್ರಿಕೆಯಲ್ಲಿ ಅವರ ಲೇಖನಗಳು ಬಂದವು. ಹಾಸನದವರು, ಹೈದರಾಬಾದಿನಲ್ಲಿ ಬೆಳೆದವರು, ಮಾಂಪೆಲಿಯೆಯಲ್ಲಿ ಕೂತು ಧಾರವಾಡಕ್ಕೆ ಬರೆಯುತ್ತಿದ್ದರು. ಆಗ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಕನ್ನಡನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿತ್ತು. ಆಮೇಲೆ ಅವರು ಯಾಕೆ ಕನ್ನಡ ಬಿಟ್ಟರು ಅಂತ ಜಗಳ ತೆಗೆಯಬಹುದು. ನನಗೂ ಆ ಬೇಸರ ಇದೆ. ಆದರೆ ಅವರು ಬಿಟ್ಟದ್ದು ಕನ್ನಡದ ಲಿಪಿಯನ್ನು. ಕನ್ನಡದ ಉಸಿರನ್ನು ಬಿಡಲಿಲ್ಲ. ಇದಕ್ಕೆ ಸಾಕ್ಷಿ ಕಾಂತಾಪುರ.

ಕಾಂತಾಪುರ ಕಾದಂಬರಿ ೧೯೩೮ರಲ್ಲಿ ಲಂಡನ್ನಿನ ಅಲೆನ್ ಅಂಡ್ ಅನ್ವಿನ್ ಪ್ರಕಾಶನದಿಂದ ಹೊರಬಂತು. ಆಗ ಲೇಖಕರಿಗೆ ಮೂವತ್ತೂ ತುಂಬಿರಲಿಲ್ಲ. ಕಥೆ ನಡೆಯೋದು ಘಟ್ಟದ ಮೇಲಿನ ಒಂದು ಸಣ್ಣ ಹಳ್ಳಿಯಲ್ಲಿ, ೧೯೩೦ರ ಸತ್ಯಾಗ್ರಹದ ಕಾಲದಲ್ಲಿ. ಊರ ದೇವತೆ ಕೆಂಚಮ್ಮ. ಹತ್ತಿರದಲ್ಲೇ ಹರಿಯುವ ಹೊಳೆಗೆ ಲೇಖಕರು ಇಟ್ಟ ಹೆಸರು ಹಿಮಾವತಿ. ಹಾಸನದವರಿಗೆ ಅದು ಯಾವ ಹೊಳೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೂರ್ತಿ ಎಂಬ ಬ್ರಾಹ್ಮಣ ಹುಡುಗ ಗಾಂಧೀಜಿಯ ಮಾತಿಗೆ ಮನಸೋತು ಚರಕ, ಖಾದಿ, ಅಸ್ಪೃಶ್ಯತೆಯ ನಿವಾರಣೆ ಅಂತ ಊರಿನಲ್ಲಿ ಓಡಾಡುತ್ತಾನೆ. ಊರಿನಲ್ಲಿ ಕಾಂಗ್ರೆಸ್ಸು ಹುಟ್ಟುತ್ತೆ. ಹೆಂಡದಂಗಡಿಯ ಮುಂದೆ ಪಿಕೆಟಿಂಗು, ಕಂದಾಯ ಕೊಡುವುದಿಲ್ಲ ಅನ್ನೋ ಹಟ, ಲಾಠಿ, ಜೈಲು, ಜಮೀನು ಹರಾಜು, ಗುಂಡು. ಕೊನೆಗೆ ಊರೇ ಹಾಳುಬಿದ್ದು, ಉಳಿದ ಹೆಂಗಸರು ಕಾಶೀಪುರ ಅನ್ನೋ ಇನ್ನೊಂದು ಊರಿನಲ್ಲಿ ಆಶ್ರಯ ಪಡೆಯುತ್ತಾರೆ.

ಇಷ್ಟೇ ಆಗಿದ್ದರೆ ಇದು ಸ್ವಾತಂತ್ರ್ಯ ಹೋರಾಟದ ಇನ್ನೊಂದು ಕಾದಂಬರಿ ಆಗುತ್ತಿತ್ತು. ವಿಶೇಷ ಏನಪ್ಪಾ ಅಂದ್ರೆ ಇದನ್ನು ಹೇಳುವವಳು ಅಚ್ಚಕ್ಕ ಎಂಬ ಮುದುಕಿ. ಅವಳು ನಾಯಕಿ ಅಲ್ಲ, ಓದಿದವಳಲ್ಲ, ಸಭೆಯಲ್ಲಿ ಭಾಷಣ ಮಾಡಿದವಳಲ್ಲ. ಮುಸ್ಸಂಜೆ ಹೊತ್ತು ಜಗುಲಿಯ ಮೇಲೆ ಕೂತು, ಊರಿಗೆ ಬಂದ ಹೊಸಬರಿಗೆ ಸ್ಥಳಪುರಾಣ ಹೇಳುವ ಹಾಗೆ ಹೇಳಿಕೊಂಡು ಹೋಗುತ್ತಾಳೆ. ಕೆಂಚಮ್ಮ ರಾಕ್ಷಸನನ್ನು ಕೊಂದದ್ದು, ಮೂರ್ತಿ ಜೈಲಿಗೆ ಹೋದದ್ದು, ಯಾರ ಮನೆಯ ಮದುವೆ ನಿಂತದ್ದು, ಎಲ್ಲ ಅವಳಿಗೆ ಒಂದೇ ದಾರದಲ್ಲಿ ಪೋಣಿಸಿದ ಕಥೆ.

ಈ ಪುಸ್ತಕವನ್ನು ನಾನು ಓದಿದ ರೀತಿ ಹೇಳಬೇಕು. ನಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆ. ಅವರಿಗೆ ಇಂಗ್ಲಿಷ್ ಬಾರದು. ಒಂದು ಚಳಿಗಾಲದ ರಜೆಯಲ್ಲಿ, ಮಧ್ಯಾಹ್ನ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತಾ, ನಾನು ಇಂಗ್ಲಿಷ್ ಪುಟ ನೋಡಿಕೊಂಡು ಅವರಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಪರೀಕ್ಷೆಗೆ ಅನುವಾದ ಮಾಡುವಾಗ ಬೆವರು ಕಿತ್ತುಕೊಳ್ಳುವ ನನಗೆ ಇಲ್ಲಿ ಕಷ್ಟವೇ ಆಗಲಿಲ್ಲ. ಮತ್ತೆ, ಮತ್ತೆ, ಮತ್ತೆ ಅಂತ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓಡುವ ಆ ಉದ್ದುದ್ದ ವಾಕ್ಯಗಳು, ಮೂಲೆಮನೆ ಮೂರ್ತಿ ಅನ್ನೋ ತರಹದ ಹೆಸರುಗಳು, ಬೈಗುಳ, ಗಾದೆ, ಎಲ್ಲ ತಮ್ಮಷ್ಟಕ್ಕೆ ತಾವೇ ಕನ್ನಡಕ್ಕೆ ವಾಪಸು ಬಂದವು. ಎರಡನೇ ದಿನಕ್ಕೆ ಅಜ್ಜಿ, ಇದನ್ನು ಬರೆದಾಕೆ ಯಾರು, ನಮ್ಮ ಕಡೆಯವಳೇ ಇರಬೇಕು ಅಂದರು. ಬರೆದದ್ದು ಗಂಡಸು, ಅದೂ ಫ್ರಾನ್ಸಿನಲ್ಲಿದ್ದವರು ಅಂದರೆ ಅವರು ನಂಬಲಿಲ್ಲ. ನನ್ನ ಗೆಳೆಯರಿಗೆ ನಾನು ಕೊಡಬಹುದಾದ ಮೊದಲ ಉತ್ತರ ಇದೇ.

ಈಗ ಚರಿತ್ರೆಯ ಮಾತಿಗೆ ಬರೋಣ. ನಾವು ಪಠ್ಯಪುಸ್ತಕದಲ್ಲಿ ಓದುವುದು ಹೀಗೆ: ೧೯೩೦ರ ಮಾರ್ಚ್ ೧೨ಕ್ಕೆ ಗಾಂಧೀಜಿ ಸಾಬರಮತಿಯಿಂದ ಹೊರಟರು, ಏಪ್ರಿಲ್ ೬ಕ್ಕೆ ದಂಡಿಯಲ್ಲಿ ಉಪ್ಪು ಎತ್ತಿದರು, ೧೯೩೧ರಲ್ಲಿ ಗಾಂಧಿ-ಇರ್ವಿನ್ ಒಪ್ಪಂದ ಆಯಿತು. ದಂಡಿಗೆ ನಡೆದವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು ಅಂತ ಒಂದು ಸಾಲೂ ಸಿಕ್ಕೀತು. ಇದೆಲ್ಲ ನಿಜ, ಇದೆಲ್ಲ ಬೇಕು. ಆದರೆ ಸಾಬರಮತಿಯ ಮಾತು ಒಂದು ಮಲೆನಾಡಿನ ಅಡಿಗೆಮನೆಗೆ ಬಂದದ್ದು ಹೇಗೆ? ಇದನ್ನು ಯಾವ ಸರ್ಕಾರಿ ಕಡತವೂ ಹೇಳುವುದಿಲ್ಲ.

ಕಾಂತಾಪುರ ಹೇಳುತ್ತೆ. ಮೊದಲು ಬಂದದ್ದು ಭಾಷಣದ ಮೂಲಕ ಅಲ್ಲ, ಹರಿಕಥೆಯ ಮೂಲಕ. ಜಯರಾಮಾಚಾರ್ ಎಂಬ ಹರಿಕಥೆಯ ದಾಸರು ದೇವರ ಕಥೆಯ ನಡುವೆ ಗಾಂಧಿಯ ಜನನವನ್ನೂ ಅವತಾರದ ಹಾಗೆ ಹೇಳುತ್ತಾರೆ. ಪೋಲೀಸರು ಅವರನ್ನು ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ರಂಗಮ್ಮ ಎಂಬ ಓದುಬಲ್ಲ ವಿಧವೆ ಪತ್ರಿಕೆ ತರಿಸಿ ಉಳಿದವರಿಗೆ ಸುದ್ದಿ ತಿಳಿಸುತ್ತಾಳೆ. ಬಡೇಖಾನ್ ಎಂಬ ಪೋಲೀಸಿನವನು ಊರಿಗೆ ಬಂದು ಬೀಡು ಬಿಡುತ್ತಾನೆ. ಸಾಲ ಕೊಟ್ಟು ಜಮೀನು ಕೂಡಿಹಾಕುವ ಭಟ್ಟ ಸರ್ಕಾರದ ಕಡೆಗೆ ವಾಲುತ್ತಾನೆ. ಅಂದರೆ ಊರು ಒಂದಾಗಿ ಎದ್ದು ನಿಲ್ಲಲಿಲ್ಲ. ಸಾಲ, ಜಾತಿ, ಹಳೆಯ ಮುನಿಸು, ಹೊಸ ಆಸೆ ಎಲ್ಲ ಸೇರಿ ಯಾರು ಯಾವ ಕಡೆ ಅನ್ನೋದು ತೀರ್ಮಾನ ಆಯಿತು.

ಒಂದು ಪ್ರಸಂಗ ನೋಡಿ. ಮೂರ್ತಿ ದಲಿತರ ಕೇರಿಯ ರಾಚಣ್ಣನ ಮನೆಯೊಳಕ್ಕೆ ಹೋಗುತ್ತಾನೆ. ರಾಚಣ್ಣನ ಹೆಂಡತಿ ಕುಡಿಯಲು ಹಾಲು ಕೊಡುತ್ತಾಳೆ. ಗಾಂಧಿಯ ಶಿಷ್ಯ, ಸರಿ. ಆದರೂ ಅವನ ಕೈ ತಡೆಯುತ್ತೆ. ಬಲವಂತವಾಗಿ ತುಟಿಗೆ ಮುಟ್ಟಿಸುತ್ತಾನೆ. ಆಮೇಲೆ ರಂಗಮ್ಮನ ಮನೆಗೆ ಬಂದು ಜನಿವಾರ ಬದಲಾಯಿಸಬೇಕೋ ಏನೋ ಅಂತ ಒದ್ದಾಡುತ್ತಾನೆ, ಒಂದು ಚಮಚ ಗಂಗಾಜಲವೂ ಆಗುತ್ತೆ. ಚರಿತ್ರೆಯ ಪುಸ್ತಕದಲ್ಲಿ ಅಸ್ಪೃಶ್ಯತೆಯ ನಿವಾರಣೆ ಎಂಬ ಕಾರ್ಯಕ್ರಮ ಇದೆ, ವರ್ಷ ಇದೆ, ಠರಾವು ಇದೆ. ಆ ಠರಾವು ಒಬ್ಬ ಮನುಷ್ಯನ ಗಂಟಲಿನಲ್ಲಿ ಇಳಿಯಲು ಎಷ್ಟು ಕಷ್ಟವಾಯಿತು ಅನ್ನೋದು ಇಲ್ಲಿದೆ. ಮಗನಿಗೆ ಬಹಿಷ್ಕಾರ ಹಾಕುತ್ತಾರೆ ಅನ್ನೋ ಸುದ್ದಿಗೆ ಮೂರ್ತಿಯ ತಾಯಿ ನರಸಮ್ಮ ಕೊರಗಿ ಕೊರಗಿ ಸಾಯುತ್ತಾಳಲ್ಲ, ಆ ಸಾವು ಯಾವ ಹುತಾತ್ಮರ ಪಟ್ಟಿಯಲ್ಲೂ ಬರುವಂಥದ್ದಲ್ಲ. ಅದೂ ಸತ್ಯಾಗ್ರಹಕ್ಕೆ ತೆತ್ತ ಬೆಲೆಯೇ ಅಲ್ಲವೇ?

ಇನ್ನೊಂದು, ಕಾಫಿ ತೋಟ. ಹಾಸನದ ಮಂಜರಾಬಾದು ಸೀಮೆಯಲ್ಲಿ, ಅಂದರೆ ಸಕಲೇಶಪುರದ ಕಡೆ, ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ದೊರೆಗಳು ತೋಟ ಎಬ್ಬಿಸಿದರು. ಅವರಲ್ಲಿ ಆರ್. ಎಚ್. ಎಲಿಯಟ್ ಎಂಬ ದೊರೆ ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿಗಳ ಬಗ್ಗೆ ೧೮೯೪ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಅದು ಬಂಗಲೆಯ ವರಾಂಡದಲ್ಲಿ ಕೂತು ನೋಡಿದ ಚರಿತ್ರೆ. ರಾಜಾ ರಾಯರ ಕಾದಂಬರಿಯಲ್ಲಿ ಸ್ಕೆಫಿಂಗ್‌ಟನ್ ಅನ್ನೋ ಕಾಲ್ಪನಿಕ ತೋಟ ಬರುತ್ತೆ. ಮೇಸ್ತ್ರಿಯ ಆಸೆಯ ಮಾತು ನಂಬಿ ಹೊಟ್ಟೆಗಿಲ್ಲದೆ ಗಂಟುಮೂಟೆ ಕಟ್ಟಿಕೊಂಡು ಬರುವ ಕೂಲಿಗಳು, ಮಳೆ, ಜ್ವರ, ದೊರೆಯ ಏಟು, ತೀರದ ಲೆಕ್ಕ, ಊರಿಗೆ ಹಿಂತಿರುಗಲಾರದ ಬದುಕು. ಇದು ಕೂಲಿ ಲೈನಿನ ಕಡೆಯಿಂದ ನೋಡಿದ ಅದೇ ಚರಿತ್ರೆ. ಎರಡನ್ನೂ ಎದುರುಬದುರು ಇಟ್ಟುಕೊಂಡರೆ ಮಾತ್ರ ಮಂಜರಾಬಾದು ಪೂರ್ತಿಯಾಗಿ ಕಾಣುತ್ತೆ.

ಆದರೆ ಕಾದಂಬರಿಯನ್ನು ಗೆಜೆಟಿಯರಿನ ಹಾಗೆ ಓದಬಾರದು. ಇಲ್ಲಿ ನಾನು ನನ್ನ ಗೆಳೆಯರ ಆಕ್ಷೇಪಣೆಗೆ ಅರ್ಧ ತಲೆಬಾಗುತ್ತೇನೆ. ಕಥೆಯಲ್ಲಿ ನಡೆಯುವ ಕರನಿರಾಕರಣೆ ೧೯೩೦ರಲ್ಲಿ ಮೈಸೂರು ಸಂಸ್ಥಾನದ ಹಾಸನದಲ್ಲಿ ಆ ರೀತಿ ನಡೆಯಲಿಲ್ಲ. ಆಗ ದೇಶೀ ಸಂಸ್ಥಾನಗಳಲ್ಲಿ ಚಳವಳಿ ಹೂಡುವುದು ಕಾಂಗ್ರೆಸ್ಸಿನ ಕಾರ್ಯಕ್ರಮವಾಗಿರಲಿಲ್ಲ. ಅದು ನಡೆದದ್ದು ಮುಂಬಯಿ ಆಡಳಿತದಲ್ಲಿದ್ದ ಉತ್ತರ ಕನ್ನಡದಲ್ಲಿ. ೧೯೩೦ರ ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು. ಆಮೇಲೆ ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳ ರೈತರು ಕಂದಾಯ ಕೊಡದೆ ಜಮೀನು, ಮನೆ, ದನಕರು ಕಳಕೊಂಡರು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿ ಇವತ್ತಿಗೂ ಆ ಹೆಂಗಸರ ಹೆಸರಿನಲ್ಲಿ ನೆನಪಾಗುವ ಊರು. ರಾಜಾ ರಾವ್ ಉತ್ತರ ಕನ್ನಡದ ಕಷ್ಟವನ್ನು ಹಾಸನದ ಹೊಳೆದಂಡೆಗೆ ತಂದು ಕೂರಿಸಿದ ಹಾಗಿದೆ. ಊರಿಗೆ ಕಲ್ಪನೆಯ ಸೀಮೆಯೊಂದರ ಹೆಸರು ಕೊಟ್ಟು ನುಣುಚಿಕೊಂಡಿದ್ದಾರೆ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಅಚ್ಚಕ್ಕ ಬ್ರಾಹ್ಮಣರ ಬೀದಿಯವಳು. ರಾಚಣ್ಣನ ಕೇರಿಯನ್ನು ಅವಳು ನೋಡುವುದು ದೂರದಿಂದ. ಅಲ್ಲಿಯವರು ಏಟು ತಿಂದದ್ದು ಅವಳಿಗೆ ಗೊತ್ತು, ಮನೆಯೊಳಗೆ ಏನು ಮಾತಾಡಿಕೊಂಡರು ಅಂತ ಗೊತ್ತಿಲ್ಲ. ಆ ಕೇರಿಯ ಒಳಗಿನ ಮಾತು ಕನ್ನಡದಲ್ಲಿ ಕೇಳಬೇಕಾದರೆ ದೇವನೂರ ಮಹಾದೇವರು ಬರುವ ತನಕ, ೧೯೭೦ರ ದಶಕದ ತನಕ ನಾವು ಕಾಯಬೇಕಾಯಿತು. ಒಬ್ಬ ಸಾಕ್ಷಿ ಹೇಳಿದ್ದನ್ನು ಕೇಳುವಾಗ ಆ ಸಾಕ್ಷಿ ಎಲ್ಲಿ ನಿಂತಿದ್ದ ಅಂತಲೂ ಕೇಳಬೇಕು. ಕೋರ್ಟಿನಲ್ಲೂ ಹಾಗೇ, ಕಾದಂಬರಿಯಲ್ಲೂ ಹಾಗೇ.

ಆದರೂ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಪುಸ್ತಕ ಅಚ್ಚಾದ ೧೯೩೮ನೇ ಇಸವಿಯಲ್ಲೇ ಮೈಸೂರು ಸಂಸ್ಥಾನ ಎದ್ದು ನಿಂತಿತು. ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯಿತು. ಅದೇ ತಿಂಗಳ ೨೫ರಂದು ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಅನ್ನೋದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆ ಬೀಳಲಿಲ್ಲ. ದೂರದಲ್ಲಿ ಕೂತವರು ಬರೆದದ್ದು ಬರೀ ಕಲ್ಪನೆ ಅನ್ನುವ ಹೊತ್ತಿಗೆ, ಆ ಕಲ್ಪನೆಯಂಥದೇ ಅವರ ನಾಡಿನಲ್ಲಿ ನಡೆದುಹೋಯಿತು. ಇದು ಭವಿಷ್ಯ ಹೇಳಿದ್ದಲ್ಲ. ಊರಿನ ಒಳಗಿನ ಬಿರುಕುಗಳನ್ನೂ ಧೈರ್ಯವನ್ನೂ ಸರಿಯಾಗಿ ಕಂಡವರಿಗೆ ಮುಂದೆ ಆಗಬಹುದಾದ್ದು ತಾನಾಗಿ ಕಾಣುತ್ತೆ, ಅಷ್ಟೆ.

ದೂರ ಹೋದವರು ಹೀಗೆ ಊರಿನ ಚರಿತ್ರೆ ಬರೆದದ್ದು ನಮ್ಮಲ್ಲಿ ಮಾತ್ರ ಅಲ್ಲ. ರಾಜಾ ರಾಯರ ಆಲಿಗಢದ ಸ್ನೇಹಿತ ಅಹ್ಮದ್ ಅಲಿ ೧೯೪೦ರಲ್ಲಿ ಲಂಡನ್ನಿನಿಂದಲೇ ಇಂಗ್ಲಿಷ್ ಕಾದಂಬರಿ ಪ್ರಕಟಿಸಿದರು. ಅದು ಹಳೇ ದಿಲ್ಲಿಯ ಗಲ್ಲಿಗಳ ಸಂಜೆಗತ್ತಲ ಕಥೆ. ೧೯೧೧ರ ದರ್ಬಾರು, ಮಾಸಿಹೋಗುತ್ತಿರುವ ಮುಸಲ್ಮಾನ ಮನೆತನಗಳು. ದೇಶ ಒಡೆದಾಗ ಅವರು ಚೀನಾದಲ್ಲಿ ಪಾಠ ಹೇಳುತ್ತಿದ್ದರು. ಆಮೇಲೆ ಕರಾಚಿಗೆ ಹೋಗಬೇಕಾಯಿತು, ದಿಲ್ಲಿ ಮತ್ತೆ ಅವರ ಊರಾಗಲಿಲ್ಲ. ಚೀನಾದವರದೂ ಇದೇ ಕಥೆ. ಲಿನ್ ಯುತಾಂಗ್ ೧೯೩೮-೩೯ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ಇಂಗ್ಲಿಷಿನಲ್ಲಿ ಪೀಕಿಂಗ್ ನಗರದ ಮನೆತನಗಳ ಕಾದಂಬರಿ ಬರೆದರು. ೧೯೦೦ರ ಬಾಕ್ಸರ್ ದಂಗೆಯಿಂದ ಜಪಾನೀಯರ ದಾಳಿಯವರೆಗಿನ ಕಾಲ ಅದರಲ್ಲಿದೆ. ಚೀನಾದ ಸೈನ್ಯದಲ್ಲಿದ್ದು ೧೯೮೫ರಲ್ಲಿ ಅಮೆರಿಕಕ್ಕೆ ಓದಲು ಹೋದ ಹಾ ಜಿನ್, ೧೯೮೯ರ ತಿಯಾನಾನ್ಮೆನ್ ಹತ್ಯಾಕಾಂಡದ ಮೇಲೆ ಅಲ್ಲೇ ಉಳಿದು ಇಂಗ್ಲಿಷಿನಲ್ಲಿ ಬರೆದರು. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಚೀನೀ ಸಿಪಾಯಿಗಳ ಪಾಡನ್ನು ಅವರು ೨೦೦೪ರಲ್ಲಿ ಕಾದಂಬರಿ ಮಾಡಿದರು. ಗೆದ್ದವರ ಕಥೆಯಲ್ಲೂ ಸೋತವರ ಕಥೆಯಲ್ಲೂ ಸೆರೆಯಾಳಿಗೆ ಜಾಗ ಇರುವುದಿಲ್ಲ; ದೂರ ಹೋದವನು ಆ ಜಾಗ ಮಾಡಿಕೊಟ್ಟ.

ಹಾಗಂತ ದೂರ ಹೋದವರೇ ಚೆನ್ನಾಗಿ ಕಾಣುತ್ತಾರೆ ಅಂತ ನಾನು ವಾದ ಹೂಡುತ್ತಿಲ್ಲ. ಅದೇ ಹೇಮಾವತಿಯ ದಂಡೆಯಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರಿದ್ದರು. ರಾಜಾ ರಾಯರಿಗಿಂತ ನಾಲ್ಕು ವರ್ಷ ದೊಡ್ಡವರು, ಪಕ್ಕಾ ಗಾಂಧೀವಾದಿ. ಅವರ ಹಳ್ಳಿಯ ಚಿತ್ರಗಳು ೧೯೩೦ರಲ್ಲೇ ಕನ್ನಡದಲ್ಲಿ ಬಂತು. ಗೊರೂರರ ಹಳ್ಳಿಯಲ್ಲಿ ನಗು ಇದೆ, ರಸಿಕತೆ ಇದೆ, ಬೆಳಗಾದರೆ ಎದುರು ಸಿಗುವ ಮನುಷ್ಯರಿದ್ದಾರೆ. ರಾಜಾ ರಾಯರ ಹಳ್ಳಿಯಲ್ಲಿ ಕಳೆದುಹೋದ ಊರಿನ ದುಃಖ ಇದೆ. ಇಬ್ಬರನ್ನೂ ಜೊತೆಗೆ ಓದಿದರೆ ನಮಗೆ ಲಾಭ.

ಮುಂದಿನ ಬದುಕನ್ನು ಚುಟುಕಾಗಿ ಹೇಳುತ್ತೇನೆ. ೧೯೩೯ರಲ್ಲಿ ಮದುವೆ ಮುರಿದು ಭಾರತಕ್ಕೆ ಬಂದರು. ಗುರುವಿಗಾಗಿ ಆಶ್ರಮಗಳನ್ನು ಸುತ್ತಿದರು. ೧೯೪೨ರಲ್ಲಿ ಗಾಂಧೀಜಿಯ ಸೇವಾಗ್ರಾಮದಲ್ಲೂ ಇದ್ದರು, ಕ್ವಿಟ್ ಇಂಡಿಯಾ ಚಳವಳಿಯಲ್ಲೂ ಸೇರಿದರು. ೧೯೪೩-೪೪ರಲ್ಲಿ ಅಹ್ಮದ್ ಅಲಿ ಜೊತೆ ಮುಂಬಯಿಯಿಂದ ಒಂದು ಪತ್ರಿಕೆ ನಡೆಸಿದರು. ತಿರುವನಂತಪುರದಲ್ಲಿ ಆತ್ಮಾನಂದರು ಗುರುವಾಗಿ ಸಿಕ್ಕರು. ಅಲ್ಲಿಂದ ಅವರ ಬರವಣಿಗೆ ಊರಿನ ಕಡೆಯಿಂದ ವೇದಾಂತದ ಕಡೆ ಹೊರಳಿತು. ಸರ್ಪ-ರಜ್ಜುವಿನ ನ್ಯಾಯವನ್ನೇ ಹೆಸರಾಗಿ ಇಟ್ಟುಕೊಂಡ ದೊಡ್ಡ ಕಾದಂಬರಿ ೧೯೬೦ರಲ್ಲಿ ಬಂತು. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ೧೯೬೬ರಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. ೧೯೬೯ರಲ್ಲಿ ಪದ್ಮಭೂಷಣ, ೧೯೮೮ರಲ್ಲಿ ನ್ಯೂಸ್ಟಾಟ್ ಅಂತಾರಾಷ್ಟ್ರೀಯ ಪ್ರಶಸ್ತಿ. ತೊಂಬತ್ತರ ಹತ್ತಿರ ಬಂದಾಗ, ೧೯೯೮ರಲ್ಲಿ, ಮತ್ತೆ ಗಾಂಧೀಜಿಯ ಕಡೆ ತಿರುಗಿ ಅವರ ಜೀವನ ಚರಿತ್ರೆ ಬರೆದರು. ಹರಿಕಥೆಯ ದಾಸರ ಬಾಯಲ್ಲಿ ಮೊದಲು ಹೇಳಿಸಿದ ಕಥೆಯನ್ನು ಅರವತ್ತು ವರ್ಷ ಬಿಟ್ಟು ತಾವೇ ಹೇಳಿದ ಹಾಗಾಯಿತು. ೨೦೦೬ರ ಜುಲೈ ೮ರಂದು ಟೆಕ್ಸಾಸಿನ ಆಸ್ಟಿನ್ನಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಸರಿಗೆ ಪದ್ಮವಿಭೂಷಣ ಬಂತು.

ದೊಡ್ಡ ದೊಡ್ಡ ಪುಸ್ತಕ ಬರೆದರೂ ಜನ ಇವತ್ತಿಗೂ ಕೈಗೆತ್ತಿಕೊಳ್ಳುವುದು ಆ ಚಿಕ್ಕ ಕಾಂತಾಪುರವನ್ನೇ. ವೇದಾಂತಿಯಾದ ರಾಜಾ ರಾಯರಿಗೆ ಇದು ಹಿಡಿಸುತ್ತಿತ್ತೋ ಇಲ್ಲವೋ. ನನಗಂತೂ ನ್ಯಾಯ ಅನ್ನಿಸುತ್ತೆ.

ಕೊನೆಗೆ ಮತ್ತೆ ನಮ್ಮ ಮಾಳಿಗೆಗೆ ಬರುತ್ತೇನೆ. ಕಾದಂಬರಿಯ ಕೊನೆಯಲ್ಲಿ ಪಟೇಲ ರಂಗೇಗೌಡ ಹಾಳುಬಿದ್ದ ಕಾಂತಾಪುರವನ್ನು ಒಮ್ಮೆ ನೋಡಿಕೊಂಡು ಬರುತ್ತಾನೆ. ಅಲ್ಲೀಗ ಯಾರೂ ಇಲ್ಲ ಅನ್ನುವಷ್ಟೇ ಸುದ್ದಿ. ನಾನು ಅಷ್ಟು ಹೇಳಿ ಪುಸ್ತಕ ಮುಚ್ಚಿದಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಊರಿನ ಮಾತು ತೆಗೆದರು. ಅವರು ಸೊಸೆಯಾಗಿ ಕಾಲಿಟ್ಟ ಊರು ಹೇಮಾವತಿಯ ದಂಡೆಯಲ್ಲಿತ್ತು. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಾಗ ಹಿನ್ನೀರು ಬಂದು ಊರು ಮುಳುಗಿತು. ಆ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಪ್ರವಾಸಿಗಳು ಫೋಟೋ ತೆಗೆಯುತ್ತಾರೆ. ಇಗರ್ಜಿ ಕಲ್ಲುಗಾರೆಯದು, ನಿಂತಿತು. ಅಜ್ಜಿಯ ಮನೆ ಮಣ್ಣಿನದು, ಕರಗಿಹೋಯಿತು. ಬಾವಿ ಎಲ್ಲಿತ್ತು, ಯಾರ ಹಿತ್ತಲಿನ ಹಲಸು ಸಿಹಿ, ಊರು ಬಿಡುವ ದಿನ ಯಾವ ಮುದುಕಿ ಹೊಸಿಲು ದಾಟಲು ಒಪ್ಪದೆ ಅತ್ತಳು, ಪರಿಹಾರದ ಹಣ ಯಾರ ಕೈಗೆ ಬಂತು, ಯಾರಿಗೆ ಬರಲಿಲ್ಲ, ಎಲ್ಲ ಸಂಜೆ ತನಕ ಹೇಳಿದರು. ಹೇಳುವ ಧಾಟಿ ಥೇಟ್ ಅಚ್ಚಕ್ಕನದೇ. ಆ ಅಣೆಕಟ್ಟಿನಿಂದ ಎಷ್ಟೋ ಹೊಲಗಳಿಗೆ ನೀರು ಬಂತು ಅನ್ನೋದೂ ಅವರಿಗೆ ಗೊತ್ತು, ಅದನ್ನೂ ಹೇಳಿದರು. ಎಲ್ಲ ಮುಗಿದ ಮೇಲೆ, ಇದನ್ನು ಯಾರೂ ಪುಸ್ತಕ ಮಾಡಲಿಲ್ಲವಲ್ಲ ಮಗು, ನೀನು ಕನ್ನಡ ಓದ್ತೀಯಲ್ಲ ಅಂದರು.

ನಾನು ಏನೂ ಹೇಳಲಿಲ್ಲ. ನಾನು ಹುಟ್ಟುವ ಮೊದಲೇ ಮುಳುಗಿದ ಊರು ಅದು. ಅದರ ಬೀದಿಯಲ್ಲಿ ಒಂದು ದಿನವೂ ನಡೆದವನಲ್ಲ. ಆದರೆ ಬೀದಿ ನಡೆದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಜ್ಜಿಗೂ ವಯಸ್ಸಾಯಿತು, ಹೋದ ವರ್ಷ ನೆನಪಿದ್ದ ಹೆಸರುಗಳಲ್ಲಿ ಕೆಲವು ಈ ವರ್ಷ ಬಾಯಿಗೆ ಬರುವುದಿಲ್ಲ.

ಗೆಳೆಯರೇ, ಸಭೆಯಲ್ಲಿ ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ದೂರ ಇದ್ದವರಿಗೆ ಊರಿನ ತಾರೀಖುಗಳು ತಪ್ಪಬಹುದು, ಸೀಮೆ ಅದಲುಬದಲು ಆಗಬಹುದು. ಅದನ್ನು ನಾವು ತಿದ್ದಿಕೊಳ್ಳೋಣ. ಊರಿನ ಮುದುಕಿಯೊಬ್ಬಳ ಮಾತನ್ನು ಅವಳ ಉಸಿರಿನ ಸಮೇತ ಕಿವಿಯಲ್ಲಿಟ್ಟುಕೊಂಡು ಹೋದವರು ಎಲ್ಲಿ ಕೂತು ಬರೆದರೂ ಅದು ಊರಿನ ಚರಿತ್ರೆಯೇ. ರಾಜಾ ರಾವ್ ಆ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡಿದರು. ನಮಗೆ ಕನ್ನಡ ಇದೆ, ಮನೆಯಲ್ಲಿ ಅಜ್ಜಿಯರೂ ಇದ್ದಾರೆ. ಮುಂದಿನ ಸಂಚಿಕೆಗೆ ನನ್ನ ಹೆಸರಿನ ಮುಂದೆ ಯಾವ ದೊಡ್ಡ ಲೇಖಕರ ಹೆಸರನ್ನೂ ಬರೆಯಬೇಡಿ. ನಾನು ಅಜ್ಜಿಯ ಊರಿನ ಬಗ್ಗೆ ಬರೀತೇನೆ. ನೀವೂ ನಿಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಕೂತು ಕೇಳಿ ನೋಡಿ.